ಬಿಸಿಲೇರುವ ಹೊತ್ತಿನ ಗ್ರಂಥಾಲಯ

ಯುಗಾದಿಗೆ ಎಂಟು ಹತ್ತು ದಿನಗಳಿರುವಾಗ ನಮ್ಮೂರಿನ ಶಾಖಾ ಗ್ರಂಥಾಲಯದ ಸೂಚನಾ ಫಲಕ ತುಂಬತೊಡಗುತ್ತದೆ. ವರ್ಷದ ಉಳಿದ ದಿನಗಳಲ್ಲಿ ಅದರ ಮೇಲೆ ತೆರೆಯುವ ಮುಚ್ಚುವ ವೇಳೆ, ಸೋಮವಾರದ ರಜೆ ಮತ್ತು ‘ನಿಶ್ಶಬ್ದವಾಗಿರಿ’ ಎಂಬ ಬಣ್ಣಗೆಟ್ಟ ಹಾಳೆಯನ್ನು ಬಿಟ್ಟರೆ ಬೇರೇನೂ ಇರುವುದಿಲ್ಲ. ಮಾರ್ಚ್ ಅರ್ಧ ಕಳೆಯಿತೆಂದರೆ ಎರವಲು ಒಯ್ದ ಪುಸ್ತಕಗಳನ್ನು ದಾಸ್ತಾನು ಪರಿಶೀಲನೆಗಾಗಿ ತಿಂಗಳ ಕೊನೆಯೊಳಗೆ ತಂದೊಪ್ಪಿಸಬೇಕೆಂಬ ಕೋರಿಕೆ, ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯ ಪುಸ್ತಕ ಪ್ರದರ್ಶನ, 23ರ ವಿಶ್ವ ಪುಸ್ತಕ ದಿನದಂದು ಹೊಸ ಸದಸ್ಯರ ನೋಂದಣಿ, ಶಾಲೆಗಳಿಗೆ ಸೂಟಿ ಬಿದ್ದ ಮೇಲೆ ಮಕ್ಕಳ ಬೇಸಿಗೆ ಶಿಬಿರ, ಹೀಗೆ ಒಂದರ ಪಕ್ಕ ಒಂದು ಹಾಳೆ ಏರುತ್ತದೆ. ಇವೆಲ್ಲ ಸುದ್ದಿಗಳೇ, ಸಂತೋಷದ ಸುದ್ದಿಗಳೇ. ಆದರೆ ಫಲಕಕ್ಕೆ ಏರದ, ನನ್ನ ಮಟ್ಟಿಗೆ ಅವುಗಳಿಗಿಂತ ದೊಡ್ಡದಾದ ಸುದ್ದಿ ಇನ್ನೊಂದಿದೆ. ಚೈತ್ರ ವೈಶಾಖಗಳ ಈ ಎರಡು ತಿಂಗಳಲ್ಲಿ ಗ್ರಂಥಾಲಯಕ್ಕೆ ಬರುವ ಜನರೇ ಬದಲಾಗುತ್ತಾರೆ, ಅವರು ಬರುವ ಹೊತ್ತು ಬದಲಾಗುತ್ತದೆ, ಬದಲಾಗದೆ ಉಳಿಯುವುದು ಬಾಗಿಲು ತೆರೆಯುವ ವೇಳೆ ಮಾತ್ರ.

ನಾನಿರುವುದು ಕೊಪ್ಪಳ ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಗಂಗಾವತಿ, ಕಾರಟಗಿಗಳ ಸೀಮೆಯಲ್ಲ ಇದು. ಮಳೆಯನ್ನೇ ನಂಬಿದ ಒಣ ಬೇಸಾಯದ ಸೀಮೆ. ಇಲ್ಲಿ ಬೇವು ಹೂ ಬಿಡುವ ವೇಳೆಗೇ ಬಿಸಿಲು ತಲೆ ಸುಡತೊಡಗಿರುತ್ತದೆ. ಏಪ್ರಿಲ್ ನಡುವಿನಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುವುದು ಯಾರಿಗೂ ಅಚ್ಚರಿಯ ಸಂಗತಿಯಲ್ಲ. ಆದ್ದರಿಂದ ವಸಂತಕಾಲದ ಗ್ರಂಥಾಲಯ ಎಂದು ನಾನು ಬರೆಯುವಾಗ ಓದುಗರು ಕೋಗಿಲೆಯನ್ನು ಸ್ವಲ್ಪ ಹೊತ್ತು ಮರೆತು, ತಗಡಿನ ಮುಂಚಾಚು, ಎರಡು ಕೋಣೆ, ನಾಲ್ಕು ಫ್ಯಾನು, ಹೊರಗೊಂದು ಮಣ್ಣಿನ ಹರವಿಯಲ್ಲಿ ಕುಡಿಯುವ ನೀರು ಇರುವ ಕಟ್ಟಡವೊಂದನ್ನು ಕಣ್ಣ ಮುಂದೆ ತಂದುಕೊಳ್ಳಬೇಕು.

ಮಾರ್ಚ್ ತಿಂಗಳಲ್ಲಿ ಈ ಕಟ್ಟಡ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರದು. ಗ್ರಾಮ ಆಡಳಿತಾಧಿಕಾರಿ, ಪಿಡಿಒ, ಪೊಲೀಸ್ ಕಾನ್‌ಸ್ಟೆಬಲ್, ಶಿಕ್ಷಕರ ನೇಮಕಾತಿ, ಇವುಗಳಲ್ಲಿ ಯಾವುದಾದರೊಂದರ ಅಧಿಸೂಚನೆಗಾಗಿ ಕಾಯುತ್ತಿರುವ ಹುಡುಗ ಹುಡುಗಿಯರು ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕುಳಿತಿರುತ್ತಾರೆ. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿ ಬಂದು, 2013ರಿಂದ ಕಲ್ಯಾಣ ಕರ್ನಾಟಕದ ಜಿಲ್ಲೆಗಳವರಿಗೆ ನೌಕರಿ ಮತ್ತು ಶಿಕ್ಷಣದಲ್ಲಿ ಮೀಸಲಾತಿ ದೊರೆತ ಮೇಲೆ ಈ ಮೆಟ್ಟಿಲಿನ ಸಾಲು ಉದ್ದವಾಯಿತು ಎಂದು ಹಳೆಯ ಓದುಗರು ಹೇಳುತ್ತಾರೆ. ಇವರು ಕಪಾಟಿನ ಪುಸ್ತಕಗಳನ್ನು ಮುಟ್ಟುವುದು ಅಪರೂಪ. ಗೈಡುಗಳು, ಝೆರಾಕ್ಸ್ ನೋಟ್ಸು, ಮಾದರಿ ಪ್ರಶ್ನೆಪತ್ರಿಕೆಗಳೆಲ್ಲ ಅವರ ಚೀಲದಲ್ಲೇ ಇರುತ್ತವೆ. ಅದನ್ನು ಕಂಡು ಪತ್ರಿಕೆ ಓದಲು ಬರುವ ಹಿರಿಯರೊಬ್ಬರು, ಇದು ಗ್ರಂಥಾಲಯವೋ ಕೋಚಿಂಗ್ ಸೆಂಟರೋ ಎಂದು ಪ್ರತಿವರ್ಷ ತಪ್ಪದೆ ಕೇಳುತ್ತಾರೆ. ಒಬ್ಬ ಹುಡುಗ ಅವರಿಗೆ ಕೊಟ್ಟ ಉತ್ತರ ನನಗೆ ಸರಿಯೆನಿಸಿತು. ‘ಪುಸ್ತಕ ನಾವು ಮನಿಯಿಂದ ತರ್ತೀವ್ರಿ ಅಜ್ಜಾರ. ಮನ್ಯಾಗ ಕುಂತು ಓದಾಕ ಜಾಗಾ ಇಲ್ಲ. ಅದಿಷ್ಟು ಇಲ್ಲಿ ಸಿಕ್ರ ಸಾಕ್ರಿ.’ ಒಂದೇ ಕೋಣೆಯ ಮನೆಯಲ್ಲಿ ಟೀವಿ, ಅಡಿಗೆ, ತಮ್ಮ ತಂಗಿಯರ ಗಲಾಟೆಗಳ ನಡುವೆ ಓದುವುದೆಂದರೇನು ಎಂದು ತಿಳಿದವರಿಗೆ, ಸಾರ್ವಜನಿಕ ಕುರ್ಚಿಯೊಂದು ಪುಸ್ತಕದಷ್ಟೇ ಬೆಲೆಯುಳ್ಳದ್ದೆಂದು ವಿವರಿಸಿ ಹೇಳಬೇಕಾಗಿಲ್ಲ. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ತಳಹದಿ ಹಾಕಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗಾಗಿ ಎನ್ನುವುದು. ಆ ಸೂತ್ರವನ್ನು ವಿವರಿಸುವಾಗ ಅವರು ಪುಸ್ತಕಗಳಿಗಿಂತ ಮೊದಲು ಗ್ರಂಥಾಲಯದ ಸ್ಥಳ, ತೆರೆದಿರುವ ವೇಳೆ, ಪೀಠೋಪಕರಣ ಮತ್ತು ಸಿಬ್ಬಂದಿಯ ಮಾತನ್ನೇ ಎತ್ತಿಕೊಂಡರು. ಕುರ್ಚಿ ಕೇಳುವ ಹುಡುಗನನ್ನು ಓದುಗನಲ್ಲವೆಂದು ತಳ್ಳಿಹಾಕುವವರು ಅದನ್ನು ಗಮನಿಸಬೇಕು.

ಯುಗಾದಿ ಹತ್ತಿರ ಬಂದಂತೆ ಬೇರೊಂದು ಬಗೆಯ ಓದುಗರು ಕಾಣಿಸಿಕೊಳ್ಳುತ್ತಾರೆ. ಮೊದಲು ಬರುವವರು ಪಂಚಾಂಗ ಕೇಳುವ ರೈತರು. ‘ಹೊಸಾ ಪಂಚಾಂಗ ಬಂತೇನ್ರಿ ಸರ?’ ಎಂದು ಬಾಗಿಲಲ್ಲೇ ನಿಂತು ಕೇಳಿ, ಬಂದಿದ್ದರೆ ಚಪ್ಪಲಿ ಬಿಟ್ಟು ಒಳಗೆ ಬಂದು, ರೋಹಿಣಿ ಮೃಗಶಿರಾ ಮಳೆಗಳ ಫಲವನ್ನೂ ತಮ್ಮ ರಾಶಿಯ ಆದಾಯ ಖರ್ಚುಗಳನ್ನೂ ಬೆರಳಿಟ್ಟು ಓದುತ್ತಾರೆ, ಇಲ್ಲವೇ ಓದಿಸಿಕೊಳ್ಳುತ್ತಾರೆ. ಓದಿ ಹೇಳುವ ಕೆಲಸ ಸಾಮಾನ್ಯವಾಗಿ ಪರೀಕ್ಷೆಯ ಹುಡುಗಿಯರದು. ಇತಿಹಾಸದ ಇಸವಿಗಳನ್ನು ಬದಿಗಿಟ್ಟು ಹತ್ತು ನಿಮಿಷ ಅವರು ಮಳೆ ನಕ್ಷತ್ರ ಓದುತ್ತಾರೆ. ಕೇಳಿದವರು ಖರ್ಚು ಹೆಚ್ಚೆಂದು ಬಂದಿದ್ದರೆ ಪಂಚಾಂಗವನ್ನೇ ಬೈಯುತ್ತಾರೆ.

ಆಮೇಲೆ ಬರುವವರು ಗುಳೆ ಹೋದವರು. ಸುಗ್ಗಿ ಮುಗಿದ ಮೇಲೆ ನಮ್ಮ ಸೀಮೆಯ ಎಷ್ಟೋ ಊರುಗಳಿಂದ ಮಂಗಳೂರು, ಗೋವಾ, ಬೆಂಗಳೂರುಗಳ ಕಟ್ಟಡದ ಕೆಲಸಕ್ಕೆ ಸಂಸಾರಸಮೇತ ಹೋಗುವವರು ಹಬ್ಬಕ್ಕೆಂದು ಊರಿಗೆ ಬಂದು, ಕೆಲವು ದಿನವಿದ್ದು ಮತ್ತೆ ಹೊರಡುತ್ತಾರೆ. ಆ ಕೆಲವು ದಿನಗಳಲ್ಲಿ ಯುವಕರು ಗ್ರಂಥಾಲಯದತ್ತ ಬರುತ್ತಾರೆ. ಮೊದಲ ನೆಪ ಪತ್ರಿಕೆ, ಎರಡನೆಯದು ಮೊಬೈಲ್ ಚಾರ್ಜು. ಅವರಲ್ಲಿ ಗಾರೆ ಕೆಲಸ ಮಾಡುವ ಒಬ್ಬಾತ ಈ ಸಲ ನೇರವಾಗಿ ಗ್ರಂಥಪಾಲಕರ ಮೇಜಿಗೆ ಹೋಗಿ, ‘ಮನಿ ಕಟ್ಟೋ ಲೆಕ್ಕದ ಪುಸ್ತಕ ಐತೇನ್ರಿ ಸರ? ಸಿಮೆಂಟು, ಕಡಿ, ಉಸುಕು ಎಷ್ಟೆಷ್ಟು ಹಿಡಿತೈತಿ ಅಂತ ಬರದಿರಬೇಕು, ಕನ್ನಡದಾಗ’ ಎಂದು ಕೇಳಿದ. ಮೇಸ್ತ್ರಿಯ ಕೈಕೆಳಗೆ ದುಡಿದದ್ದು ಸಾಕು, ತಾನೇ ಸಣ್ಣ ಗುತ್ತಿಗೆ ಹಿಡಿಯಬೇಕೆನ್ನುವುದು ಅವನ ಇರಾದೆ. ಅಂಥ ಪುಸ್ತಕ ಇರಲಿಲ್ಲ. ‘ಬಂದಿಲ್ಲಪ್ಪ. ಹಾಳ್ಯಾಗ ಬರದು ಕೊಡು, ಮ್ಯಾಲ ಕಳಸ್ತೀನಿ’ ಎಂದರು ಅವರು. ಅವನು ಬರೆದು ಕೊಟ್ಟು ಹೋದ. ಪುಸ್ತಕ ಬರುವ ಹೊತ್ತಿಗೆ ಅವನು ಎಲ್ಲಿರುತ್ತಾನೋ ಹೇಳಲಾಗದು.

ಇಲ್ಲಿ ಗ್ರಂಥಾಲಯಗಳಿಗೆ ಪುಸ್ತಕ ಬರುವ ದಾರಿಯ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ರಾಜ್ಯದಲ್ಲಿ ಬಹುಪಾಲು ಪುಸ್ತಕಗಳು ಸಗಟು ಖರೀದಿಯ ಮೂಲಕ ಬರುತ್ತವೆ. ಪ್ರಕಾಶಕರು ಅರ್ಜಿ ಸಲ್ಲಿಸುತ್ತಾರೆ, ಸಮಿತಿ ಆಯ್ಕೆ ಮಾಡುತ್ತದೆ, ಆಯ್ಕೆಯಾದ ಪ್ರತಿ ಪುಸ್ತಕದ 300 ಪ್ರತಿಗಳನ್ನು ಕೊಂಡು ರಾಜ್ಯದ ಗ್ರಂಥಾಲಯಗಳಿಗೆ ಹಂಚುವುದು ಬಹುಕಾಲದ ವಾಡಿಕೆ. ಕನ್ನಡದ ಸಣ್ಣ ಪ್ರಕಾಶಕರು ಉಸಿರಾಡುತ್ತಿರುವುದೇ ಈ ವ್ಯವಸ್ಥೆಯಿಂದ ಎನ್ನುವುದು ಉತ್ಪ್ರೇಕ್ಷೆಯಲ್ಲ. ಹಾಗಾಗಿ ಅದನ್ನು ಸುಮ್ಮನೆ ಹಳಿಯಲು ನಾನು ಸಿದ್ಧನಿಲ್ಲ. ಅದರಿಂದ ಆಗುವ ಲಾಭವನ್ನೂ ನಾವು ಕಂಡಿದ್ದೇವೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಸುದ್ದಿ ಪತ್ರಿಕೆಗಳಲ್ಲಿ ಮೂಡಿದ ಮರುದಿನ ನಮ್ಮ ಗ್ರಂಥಾಲಯದಲ್ಲಿ ಅವರ ಕಥೆಗಳಿಗೆ ಬೇಡಿಕೆ ಬಂದಾಗ, ಯಾರೂ ಕೇಳದ ಕಾಲದಲ್ಲೇ ಬಂದು ಕಪಾಟಿನಲ್ಲಿ ಕಾದು ಕುಳಿತಿದ್ದ ಹಳೆಯ ಸಂಕಲನವೊಂದು ಕೈಗೆ ಸಿಕ್ಕಿತು. ಕೊನೆಯ ಪುಟದ ದಿನಾಂಕದ ಚೀಟಿಯಲ್ಲಿ ಬೆರಳೆಣಿಕೆಯ ಮುದ್ರೆಗಳಿದ್ದ ಆ ಪುಸ್ತಕಕ್ಕೆ ಆಮೇಲೆ ಹೊಸ ಚೀಟಿ ಅಂಟಿಸಬೇಕಾಯಿತು. ಆದರೆ ಇದೇ ವ್ಯವಸ್ಥೆಯಲ್ಲಿ ಗಾರೆಯವನ ಬೇಡಿಕೆಗೆ ದಾರಿಯಿಲ್ಲ. ಕವನ ಸಂಕಲನಗಳು, ಜೀವನಚರಿತ್ರೆಗಳು, ಅಭಿನಂದನ ಗ್ರಂಥಗಳು ರಾಶಿ ರಾಶಿಯಾಗಿ ಬರುವ ಊರಿಗೆ ಬೋರ್‌ವೆಲ್ ಮೋಟಾರ್ ರಿಪೇರಿ, ಹೊಲಿಗೆ, ದಾಳಿಂಬೆಯ ರೋಗ, ಮನೆಯ ಅಂದಾಜು ಲೆಕ್ಕ, ಇವುಗಳ ಪುಸ್ತಕ ಒಂದೊಂದು ಬರುವುದೂ ಕಷ್ಟ. ಪ್ರತಿ ಓದುಗನಿಗೂ ಅವನ ಪುಸ್ತಕ ಎಂಬುದು ರಂಗನಾಥನ್ ಅವರ ಎರಡನೆಯ ಸೂತ್ರ. ನಾವು ಮೂರನೆಯದನ್ನು, ಎಂದರೆ ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬುದನ್ನು, ಮೊದಲು ಮಾಡಲು ಹೊರಟಂತಿದೆ.

ಏಪ್ರಿಲ್ ಒಂದಕ್ಕೆ ಮನೆ ತೆರಿಗೆಯ ಕಾಲ ಆರಂಭವಾಗುತ್ತದೆ. ಆ ತಿಂಗಳೊಳಗೆ ಪೂರ್ತಿ ಕಟ್ಟಿದವರಿಗೆ ಶೇ 5ರಷ್ಟು ರಿಯಾಯಿತಿ ಇರುವುದರಿಂದ ಸ್ಥಳೀಯ ಸಂಸ್ಥೆಗಳ ಕಚೇರಿಯ ಮುಂದೆ ಬೆಳಗಿನ ಹೊತ್ತು ಸಾಲು ಇರುತ್ತದೆ. ಆ ಚಲನ್ ಅನ್ನು ಪೂರ್ತಿಯಾಗಿ ಓದುವವರು ಕಡಿಮೆ. ಆಸ್ತಿ ತೆರಿಗೆಯ ಮೇಲೆ ಶೇ 15 ಆರೋಗ್ಯ ಕರ, ಶೇ 6 ಗ್ರಂಥಾಲಯ ಕರ, ಶೇ 3 ಭಿಕ್ಷುಕರ ಕರ ಎಂದು ಅದರಲ್ಲಿ ಬೇರೆ ಬೇರೆಯಾಗಿ ನಮೂದಾಗಿರುತ್ತದೆ. ವರ್ಷಕ್ಕೆ 2,000 ರೂಪಾಯಿ ತೆರಿಗೆ ಇರುವ ಮನೆಯವರು ಗ್ರಂಥಾಲಯಕ್ಕೆಂದೇ 120 ರೂಪಾಯಿ ಕೊಟ್ಟಿರುತ್ತಾರೆ. ಸದಸ್ಯತ್ವದ ಠೇವಣಿ ಕೇಳಿದಾಗ ಯಾಕೆ ಕೊಡಬೇಕು ಎನ್ನುವವರೂ, ಗ್ರಂಥಾಲಯ ಯಾರಿಗೆ ಬೇಕಾಗಿದೆ ಎನ್ನುವವರೂ ಅದಕ್ಕೆ ಹಣ ಕೊಟ್ಟವರೇ. ಈ ಕರದ ಹಿಂದೆ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮ, 1965 ಇದೆ. ಅದಕ್ಕೂ ಮೊದಲು ನಮ್ಮ ಭಾಗದ ಕಥೆ ಬೇರೆಯೇ ಆಗಿತ್ತು. ಆಗ ಕೊಪ್ಪಳ ರಾಯಚೂರು ಜಿಲ್ಲೆಗೆ ಸೇರಿತ್ತು, ರಾಯಚೂರು ಹೈದರಾಬಾದ್ ರಾಜ್ಯಕ್ಕೆ. ಆ ರಾಜ್ಯ 1955ರಲ್ಲಿ ತನ್ನದೇ ಗ್ರಂಥಾಲಯ ಕಾಯ್ದೆಯನ್ನು ಮಾಡಿಕೊಂಡಿತ್ತು. ಹೊಳೆಯಾಚೆಯ ಬಳ್ಳಾರಿ 1953ರ ಅಕ್ಟೋಬರ್‌ವರೆಗೆ ಮದ್ರಾಸಿನಲ್ಲಿದ್ದುದರಿಂದ ಅಲ್ಲಿ 1948ರ ಮದ್ರಾಸ್ ಕಾಯ್ದೆ, ಎಂದರೆ ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆ ಅನ್ವಯಿಸುತ್ತಿತ್ತು. ಏಕೀಕರಣದಲ್ಲಿ ಒಂದಾದ ನಾಡಿನ ಗ್ರಂಥಾಲಯಗಳು ಒಂದೇ ಕಾಯ್ದೆಯಡಿ ಬರಲು ಇನ್ನೂ ಸುಮಾರು ಹತ್ತು ವರ್ಷ ಹಿಡಿಯಿತು. ಕರ ಸಂಗ್ರಹಿಸುವುದು ಒಬ್ಬರು, ಅದನ್ನು ಗ್ರಂಥಾಲಯ ಪ್ರಾಧಿಕಾರಕ್ಕೆ ಒಪ್ಪಿಸಬೇಕಾದದ್ದು ಅವರೇ, ಒಪ್ಪಿಸಲು ತಡಮಾಡಿದರೆ ಕೇಳುವವರು ಯಾರೂ ಇಲ್ಲ ಎಂಬ ದೂರು ಮಾತ್ರ ರಾಜ್ಯದಾದ್ಯಂತ ಒಂದೇ ತೆರನಾಗಿದೆ.

ಅಂಬೇಡ್ಕರ್ ಜಯಂತಿಯ ಪ್ರದರ್ಶನದ ಬಗ್ಗೆ ಹೆಚ್ಚು ಬರೆಯಬೇಕಾದದ್ದಿಲ್ಲ, ಆದರೆ ಒಂದು ಬದಲಾವಣೆಯನ್ನು ದಾಖಲಿಸಬೇಕು. ಹಿಂದೆಲ್ಲ ಅಂದು ಭಾವಚಿತ್ರಕ್ಕೆ ಮಾಲೆ ಹಾಕಿ, ಅವರ ಬರಹ ಭಾಷಣಗಳ ಸಂಪುಟಗಳನ್ನು ಬಿಳಿಯ ಬಟ್ಟೆ ಹಾಸಿದ ಮೇಜಿನ ಮೇಲೆ ಜೋಡಿಸಿ, ಸಂಜೆಗೆ ಮರಳಿ ಕಪಾಟಿಗಿಟ್ಟು ಬೀಗ ಹಾಕುತ್ತಿದ್ದರು. ಪುಸ್ತಕಗಳಿಗಾಗಿಯೇ ಮುಂಬಯಿಯ ದಾದರಿನಲ್ಲಿ ‘ರಾಜಗೃಹ’ವನ್ನು ಕಟ್ಟಿಸಿಕೊಂಡ ಮನುಷ್ಯನಿಗೆ ಬೀಗದ ಕಪಾಟು ಒಪ್ಪುವ ಗೌರವವಲ್ಲ. ಈ ವರ್ಷ ಗ್ರಂಥಪಾಲಕರು ಆ ಮೇಜನ್ನು ತಿಂಗಳ ಕೊನೆಯವರೆಗೂ ಹಾಗೆಯೇ ಬಿಟ್ಟರು. ಕಳೆದುಹೋದರೆ ತಮ್ಮ ಸಂಬಳದಿಂದ ಕಟ್ಟಬೇಕಾದೀತೆಂಬ ಹೆದರಿಕೆ ಅವರಿಗಿತ್ತು. ಒಂದು ಸಂಪುಟವೂ ಕಳೆಯಲಿಲ್ಲ. ಎರಡರ ರಟ್ಟು ಕಿತ್ತುಬಂದು ಬೈಂಡಿಂಗಿಗೆ ಹೋಗಿವೆ. 23ರ ನೋಂದಣಿಗೆ ಬಂದವರಲ್ಲಿ ಮುಕ್ಕಾಲು ಪಾಲು ಹೆಣ್ಣುಮಕ್ಕಳಿದ್ದರು ಎನ್ನುವುದೂ ದಾಖಲೆಗೆ ಸಲ್ಲಬೇಕಾದ ಸಂಗತಿ.

ಬೇಸಿಗೆ ಶಿಬಿರ ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದೂವರೆಯವರೆಗೆ. ಮೊದಲೆರಡು ದಿನ ನೀತಿಕಥೆ, ಚಿತ್ರಕ್ಕೆ ಬಣ್ಣ, ಹಾಡುಗಳೆಂದು ಎಲ್ಲ ಕಡೆಯಂತೆ ಸಾಗಿ, ಮಕ್ಕಳು ಆಕಳಿಸತೊಡಗಿದಾಗ ಶಿಬಿರ ನಡೆಸುತ್ತಿದ್ದ ಶಿಕ್ಷಕಿ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿರುವ ಅಶೋಕನ ಶಾಸನಗಳ ಮಾತನ್ನು ತೆಗೆದರು. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬಂಡೆಯ ಮೇಲೆ ಕೊರೆದ ಬ್ರಾಹ್ಮಿ ಅಕ್ಷರಗಳನ್ನು ಹಲಗೆಯ ಮೇಲೆ ಬರೆದು ತೋರಿಸಿದಾಗ ಮಕ್ಕಳ ಕಣ್ಣು ಅರಳಿತು. ಲೆಕ್ಕದ ಕೂಡಿಸುವ ಗುರುತೇ ಅಲ್ಲಿ ‘ಕ’. ಬರೀ ಒಂದು ಸೊನ್ನೆ ‘ಠ’, ನಮ್ಮ ಇಂದಿನ ‘ಠ’ದೊಳಗೂ ಆ ಸೊನ್ನೆ ಇನ್ನೂ ಉಳಿದಿದೆ. ಅರ್ಧ ಗಂಟೆಯೊಳಗೆ ಎಲ್ಲರೂ ತಮ್ಮ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದುಕೊಂಡು, ದೊಡ್ಡವರಿಗೆ ಓದಲು ಬಾರದ ಚೀಟಿಗಳನ್ನು ಒಬ್ಬರಿಗೊಬ್ಬರು ದಾಟಿಸತೊಡಗಿದರು. ಪಕ್ಕದ ಮಸ್ಕಿಯ ಶಾಸನ 1915ರಲ್ಲಿ ಬೆಳಕಿಗೆ ಬಂದಾಗ ‘ದೇವಾನಾಂಪ್ರಿಯ’ ಎಂಬ ಬಿರುದಿನ ರಾಜ ಅಶೋಕನೇ ಎಂದು ಖಚಿತವಾದ ಕಥೆಯನ್ನು ಕೇಳಿದ ಒಬ್ಬ ಹುಡುಗ, ‘ಟೀಚರ್, ಅದು ಯಾವ ಪುಸ್ತಕದಾಗ ಐತ್ರಿ?’ ಎಂದು ಕೇಳಿದ. ಗ್ರಂಥಾಲಯದಲ್ಲಿ ನಡೆಯುವ ಶಿಬಿರಕ್ಕೂ ಬೇರೆಡೆಯ ಶಿಬಿರಕ್ಕೂ ಇರಬೇಕಾದ ವ್ಯತ್ಯಾಸ ಇದೇ ಪ್ರಶ್ನೆ. ಪುಸ್ತಕ ಎರಡು ಹೆಜ್ಜೆ ದೂರದ ಕಪಾಟಿನಲ್ಲಿತ್ತು; ದೊಡ್ಡವರಿಗಾಗಿ ಬರೆದದ್ದಾದರೂ ಅವನು ಅದನ್ನೇ ಒಯ್ದ. ಕಿನ್ನಾಳದ ಗೊಂಬೆ ಮಾಡುವ ಚಿತ್ರಗಾರರೊಬ್ಬರು ಬಂದು ಹಗುರ ಕಟ್ಟಿಗೆಗೆ ಹುಣಸೆ ಬೀಜದ ಅಂಟು ಬಳಿಯುವುದನ್ನು ತೋರಿಸಿದ ದಿನವೂ ಚೆನ್ನಾಗಿತ್ತು, ಆದರೆ ಆ ಕಲೆಯ ಬಗ್ಗೆ ಮಕ್ಕಳು ಓದಬಹುದಾದ ಪುಸ್ತಕ ಕಪಾಟಿನಲ್ಲಿರಲಿಲ್ಲ.

ಹಳ್ಳಿಗಳಲ್ಲಿ ಈ ಕೆಲಸ ನಮಗಿಂತ ಚುರುಕಾಗಿ ನಡೆಯುತ್ತಿದೆ ಎಂದು ಒಪ್ಪಿಕೊಳ್ಳಬೇಕು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾಗಿ, 2020ರ ನವೆಂಬರಿನಲ್ಲಿ ಹಳ್ಳಿಯ ಮಕ್ಕಳನ್ನು ಓದಿಗೆ ಹಚ್ಚುವ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಗಿ, ಈಗ ‘ಅರಿವು ಕೇಂದ್ರ’ಗಳೆಂಬ ಹೆಸರಿನಲ್ಲಿ ಅವು ಮಕ್ಕಳನ್ನೇ ಮುಖ್ಯ ಓದುಗರೆಂದು ಎಣಿಸುತ್ತಿವೆ. ನಮ್ಮ ತಾಲೂಕಿನ ಕೆಲವು ಹಳ್ಳಿಗಳಲ್ಲಿ ಮೇಲ್ವಿಚಾರಕರು ಸ್ವತಃ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದನ್ನು ಕಂಡಿದ್ದೇನೆ. ಪಟ್ಟಣದ ಶಾಖೆಗೆ ಆ ಗಮನ ಇನ್ನೂ ಸಿಕ್ಕಿಲ್ಲ.

ಈಗ ವೇಳೆಯ ಪ್ರಶ್ನೆಗೆ ಬರುತ್ತೇನೆ. ಬಿಸಿಲಿನ ಕಾರಣದಿಂದ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಕಚೇರಿಗೆ ಅದು ಸರಿ. ಕಚೇರಿಯವರು ಮನೆಗೆ ಹೋಗಿ ಮಲಗಬಹುದು. ಗ್ರಂಥಾಲಯ ಮಾತ್ರ ತನ್ನ ಎಂದಿನ ಎರಡು ಪಾಳಿಯಲ್ಲೇ ಇದೆ. ಬೆಳಿಗ್ಗೆ ಹನ್ನೊಂದೂವರೆಗೆ ಮುಚ್ಚಿ ಸಂಜೆ ನಾಲ್ಕಕ್ಕೆ ತೆರೆಯುತ್ತದೆ. ನಡುವಿನ ನಾಲ್ಕೂವರೆ ಗಂಟೆಯೇ ಈ ಊರಿನ ಜನರಿಗೆ ನೆರಳು, ಗಾಳಿ, ನೀರು ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದ ಹೊತ್ತು. ತಗಡಿನ ಮನೆಯಲ್ಲಿರುವ ಪರೀಕ್ಷಾರ್ಥಿ ಆ ಹೊತ್ತಿನಲ್ಲಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಓದುವುದನ್ನು ಯಾರು ಬೇಕಾದರೂ ನೋಡಬಹುದು. ಶಿಬಿರದ ಮಕ್ಕಳ ಪಾಡು ಇನ್ನೂ ಸ್ಪಷ್ಟ. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ತಾಯಿಯೊಬ್ಬರು ಮೊದಲ ದಿನವೇ ಬಂದು, ‘ಮೂರಕ್ಕ ಕೆಲಸ ಬಿಡ್ತಾರ್ರಿ ಸರ. ಅಲ್ಲೀಮಟ ಇವರಿಬ್ಬರು ಇಲ್ಲೇ ಇರಲೇನ್ರಿ?’ ಎಂದು ಕೇಳಿದರು. ಮಧ್ಯಾಹ್ನದ ಊಟದ ಹೊತ್ತು ಖಾನಾವಳಿಯ ದುಡಿಮೆಯ ಹೊತ್ತು. ಗ್ರಂಥಾಲಯಕ್ಕೆ ಅದು ಬೀಗ ಹಾಕುವ ಹೊತ್ತು. ಆ ಮಕ್ಕಳು ಕೆಲವು ದಿನ ಮುಂಚಾಚಿನ ಕೆಳಗೆ ಚೀಲ ತಲೆಗಿಟ್ಟುಕೊಂಡು ಮಲಗಿದರು.

ಇದರಲ್ಲಿ ಗ್ರಂಥಪಾಲಕರನ್ನು ದೂರುವುದು ಅನ್ಯಾಯ. ಇಡೀ ಶಾಖೆಗೆ ಅವರೊಬ್ಬರು, ಜೊತೆಗೆ ದಿನಗೂಲಿಯ ಸಹಾಯಕಿಯೊಬ್ಬರು. ಬೆಳಗಿನಿಂದ ರಾತ್ರಿಯವರೆಗೆ ಒಬ್ಬ ಮನುಷ್ಯ ಬಿಡುವಿಲ್ಲದೆ ಕುಳಿತಿರಬೇಕೆಂದು ಯಾರೂ ಕೇಳಲಾರರು. ಡಿಜಿಟಲ್ ಗ್ರಂಥಾಲಯವಿದೆಯಲ್ಲ, ಮೊಬೈಲಿನಲ್ಲಿ ಓದಲಿ ಎಂದು ಸಭೆಯೊಂದರಲ್ಲಿ ಸಲಹೆ ಬಂತು. 2020ರಿಂದ ಆ ಸೌಲಭ್ಯ ಇರುವುದು ನಿಜ, ದೂರದವರಿಗೆ ಅದು ಉಪಕಾರಿಯೂ ಹೌದು. ಆದರೆ ಮೊಬೈಲು ಫ್ಯಾನಿನ ಗಾಳಿ ಕೊಡುವುದಿಲ್ಲ, ಮತ್ತು ರೊಟ್ಟಿ ಬಡಿಯುವವರ ಮನೆಯಲ್ಲಿರುವ ಒಂದೇ ಮೊಬೈಲು ಅವರ ಸೊಂಟದಲ್ಲಿರುತ್ತದೆ.

ಓದುಗರಲ್ಲಿ ಕೆಲವರು ಸೇರಿ ಒಂದು ಮನವಿ ಬರೆದೆವು. ಸಿಬ್ಬಂದಿ ಹೆಚ್ಚಿಸಿರಿ ಎಂದು ಕೇಳಿದರೆ ಆ ಕಡತ ಎಲ್ಲಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಅದನ್ನು ಕೇಳಲಿಲ್ಲ. ಮೇ ತಿಂಗಳಿಗೆ ಮಾತ್ರ, ಮಕ್ಕಳ ಕೋಣೆಯನ್ನು ಮಾತ್ರ, ಮಧ್ಯಾಹ್ನ ಹನ್ನೊಂದೂವರೆಯಿಂದ ಮೂರೂವರೆಯವರೆಗೆ ತೆರೆದಿಡಲು ಅನುಮತಿ ಕೊಡಿ, ನೋಡಿಕೊಳ್ಳುವ ಹೊಣೆಯನ್ನು ಪರೀಕ್ಷೆಗೆ ಓದುತ್ತಿರುವವರೇ ಸರದಿಯಲ್ಲಿ ಹೊರುತ್ತಾರೆ ಎಂದು ಬರೆದೆವು. ಹೊಣೆ ಹೊತ್ತವರು ಅಲ್ಲೇ ಕುಳಿತು ತಮ್ಮ ಓದನ್ನೂ ಮಾಡಿಕೊಳ್ಳಬಹುದು ಎನ್ನುವುದು ಇದರ ಗುಟ್ಟು. ಹೆಸರು ಬರೆಸಿದವರ ಪಟ್ಟಿ ನಾವು ಎಣಿಸಿದ್ದಕ್ಕಿಂತ ಉದ್ದವಾಯಿತು. ಅನುಮತಿ ಬಾಯಿಮಾತಿನಲ್ಲಿ ಸಿಕ್ಕಿದೆ, ಲಿಖಿತವಾಗಿ ಇನ್ನೂ ಬರಬೇಕಾಗಿದೆ. ದೊಡ್ಡವರ ಕೋಣೆಯ ಬಾಗಿಲಿಗೆ ಬೀಗ ಹಾಗೆಯೇ ಇರುತ್ತದೆ, ಒಳಗಿರುವ ಮಕ್ಕಳ ಹೆಸರು ಮತ್ತು ಅವರನ್ನು ಕರೆದೊಯ್ಯುವವರ ಸಹಿ ರಿಜಿಸ್ಟರಿನಲ್ಲಿ ಇರಬೇಕು, ಹರವಿಯನ್ನು ಬೆಳಿಗ್ಗೆ ಒಮ್ಮೆ ಮಧ್ಯಾಹ್ನ ಒಮ್ಮೆ ತುಂಬಿಸಬೇಕು ಎಂಬ ಷರತ್ತುಗಳಿವೆ. ಮೊದಲ ವಾರದ ಸರದಿ ಪಂಚಾಂಗ ಓದಿ ಹೇಳುತ್ತಿದ್ದ ಹುಡುಗಿಯರದು. ವೇಳೆಯ ಹೊಸ ಹಾಳೆಯನ್ನು ನಿನ್ನೆ ಫಲಕಕ್ಕೆ ಹಚ್ಚಲಾಗಿದೆ; ‘ಸೋಮವಾರ ರಜೆ’ ಎಂಬುದನ್ನು ಮಕ್ಕಳಿಗಾಗಿ ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ.